ಬೂದು ಬಣ್ಣದ ರಬ್ಬರ್ ಬಳೆ

ನೌಕಾಪಡೆಯ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಅಧಿಕಾರಿಯನ್ನು ಎಲ್ಲರೂ ಬೆನ್ನ ಹಿಂದೆ ಬೀಗದಮ್ಮ ಎನ್ನುತ್ತಿದ್ದರು. ಕತ್ತರಿಯಿಂದ ಹಿಡಿದು ಚಹಾದ ಲೋಟದವರೆಗೆ ಎಲ್ಲಕ್ಕೂ ಬೀಗ. ಆ ಹೆಸರು ತನ್ನ ಕಿವಿಗೆ ಬಿದ್ದಿದೆ ಎಂದು ಆಕೆ ಯಾವತ್ತೂ ತೋರಿಸಿಕೊಂಡಿರಲಿಲ್ಲ.

ಬೀಗ ಹಾಕದೆ ಇದ್ದ ಕಾಲವೂ ಒಂದಿತ್ತು. ಆಗ ಆಕೆ ಹಡಗಿನ ಇಕ್ಕಟ್ಟಾದ ಏಣಿಗಳಲ್ಲಿ ಗಾಯಾಳುವನ್ನು ನೆಟ್ಟಗೆ ನಿಲ್ಲಿಸಿಯೇ ಮೇಲಕ್ಕೆ ಎತ್ತಬಲ್ಲ ಕ್ಯಾನ್ವಾಸ್ ಹೊದಿಕೆಯೊಂದನ್ನು ಹೊಲಿದಿದ್ದಳು. ಹಿರಿಯ ಸರ್ಜನ್ "ಒಂದು ಸಲ ನೋಡಿ ಕೊಡ್ತೀನಿ" ಎಂದು ಒಯ್ದರು. ಹೊದಿಕೆ ಈಗ ಎಲ್ಲ ಹಡಗುಗಳಲ್ಲೂ ಇದೆ, ಅವರ ಹೆಸರಿನಲ್ಲಿ.

ಈ ಬಾರಿಯದು ಹಿತ್ತಾಳೆಯ ಪುಟ್ಟ ಹಿಡಿಕೆ, ಕ್ಲಿಪ್ಪಿನಂಥದ್ದು. ಹಡಗು ಓಲಾಡಿದಾಗ ಡ್ರಿಪ್ಪಿನ ಬಾಟಲಿಯೂ ತೂಗುತ್ತದೆ; ಹನಿ ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಕೊಳವೆಗೆ ಈ ಹಿಡಿಕೆ ಸಿಕ್ಕಿಸಿದರೆ ಒಳಗಿನ ಸ್ಪ್ರಿಂಗೂ ವಾಷರಿನಂಥ ಕಪ್ಪು ರಬ್ಬರ್ ಬಳೆಯೂ ಸೇರಿ ಹನಿಯನ್ನು ಒಂದೇ ಸಮನೆ ಬೀಳಿಸುತ್ತವೆ. ಯೋಚನೆ ಬೀಗದಮ್ಮನದು. ಅದನ್ನು ಕಡೆದು ಕೊಟ್ಟವಳು ಆಕೆಯ ನಾದಿನಿ, ಅದೇ ಆಸ್ಪತ್ರೆಯ ಉಪಕರಣ ವಿಭಾಗದ ಮೆಕ್ಯಾನಿಕ್. ಶುಕ್ರವಾರ ಮಂಡಳಿಯ ಮುಂದೆ ಪರೀಕ್ಷೆ. ಒಪ್ಪಿಗೆಯಾದರೆ ಹಿಡಿಕೆಗೆ ಬೀಗದಮ್ಮನ ಹೆಸರು. ಮಂಡಳಿಯ ಅಧ್ಯಕ್ಷರು ಅದೇ ಹಿರಿಯ ಸರ್ಜನ್.

ಗುರುವಾರ ಮಧ್ಯಾಹ್ನ ಬೀಗದಮ್ಮ ನಾದಿನಿಯ ವರ್ಕ್‌ಶಾಪಿಗೆ ಹೋದಾಗ ಹಿಡಿಕೆ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಕಪ್ಪು ಬಳೆಯ ಬದಲು ಬೂದು ಬಣ್ಣದ್ದೊಂದು ಕೂತಿತ್ತು.

"ಇದನ್ನ ಬಿಚ್ಚೋಕೆ ಯಾರು ಹೇಳಿದ್ರು?"

ನಾದಿನಿ ಕೈ ಒರೆಸಿಕೊಳ್ಳುತ್ತ ಎದ್ದಳು. "ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಆ ಕಪ್ಪು ಬಳೆ ಇದೆಯಲ್ಲ..."

"ಬಳೆ ವಿಷಯ ಆಮೇಲೆ. ನಿನ್ನೆ ಸರ್ಜನ್ ಜೊತೆ ಏನೇ ಅಷ್ಟೊಂದು ನಗು?"

"ಅವರ ಕನ್ನಡಕದ ತಿರುಪು ಬಿದ್ದುಹೋಗಿತ್ತು, ಹಾಕ್ಕೊಟ್ಟೆ. ನಗೋದಕ್ಕೂ ನಿಮ್ಮ ಹತ್ರ ಬೀಗದ ಕೈ ಇಸ್ಕೋಬೇಕಾ?"

"ಕಪ್ಪು ಬಳೆ ಎಲ್ಲಿ?"

"ಅದು ಬೇಡ ಅಂತಾನೇ ಹೇಳ್ತಿರೋದು. ಸ್ವಲ್ಪ ಕೇಳಿಸ್ಕೊಂಡ್ರೆ..."

"ಕೊಡು ಅಂದೆ."

ನಾದಿನಿ ತುಟಿ ಬಿಗಿದಳು. ಡಬ್ಬಿಯಿಂದ ಬಳೆ ತೆಗೆದು, ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. "ತಗೊಳ್ಳಿ. ನಮ್ಮಣ್ಣ ನಿಮ್ಮ ಜೊತೆ ಹೇಗೆ ಸಂಸಾರ ಮಾಡ್ತಾನೋ!"

ಬೀಗದಮ್ಮ ಬೂದು ಬಳೆಯನ್ನು ಕಿತ್ತು ಅಲ್ಲೇ ಮೇಜಿನ ಮೇಲೆ ಎಸೆದು ಬಂದು, ತನ್ನ ಕೋಣೆಯಲ್ಲಿ ಕಪ್ಪು ಬಳೆಯನ್ನು ಮರಳಿ ಕೂರಿಸಿದಳು. ಸ್ಪ್ರಿಂಗಿಗೆ ಎಂದಿನಂತೆ ಗ್ರೀಸ್ ಸವರಿದಳು. ಹಡಗಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಅಂಟುವ ಚಾಳಿ ಅದು. ಉಪ್ಪುಗಾಳಿ ಉಕ್ಕನ್ನು ತಿನ್ನುತ್ತದೆ, ಆದ್ದರಿಂದ ಕಂಡದ್ದಕ್ಕೆಲ್ಲ ಗ್ರೀಸ್. ಹಿಡಿಕೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗವನ್ನು ಜಗ್ಗಿ ನೋಡಿದಳು. ಸ್ವಂತ ಮನೆಯವಳೇ ಸರ್ಜನ್ ಕಡೆ ಸೇರಿದರೆ ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ ತಂಗಿಯ ಪರ. ಹೇಳದಿರುವುದೇ ಆಕೆಗೆ ಹೆಚ್ಚು ಅಭ್ಯಾಸವಾಗಿತ್ತು.

ಶುಕ್ರವಾರ, ಹಡಗಿನಂತೆ ಓಲಾಡುವ ಮಂಚದ ಯಂತ್ರವನ್ನು ನಾದಿನಿಯೇ ನಡೆಸಿದಳು. ಹಿಡಿಕೆ ಸಿಕ್ಕಿಸಿದ ಡ್ರಿಪ್ಪಿನ ಕೊಳವೆ ಗಾಜಿನ ಜಾಡಿಗೆ ಇಳಿಬಿದ್ದಿತ್ತು. ಮೊದಲು ಹನಿ ಸರಿಯಾಗಿ ಬಿತ್ತು. ಮಂಚ ಜೋರಾಗಿ ವಾಲತೊಡಗಿದಂತೆ ನಿಧಾನವಾಯಿತು. ಕೊನೆಗೆ ನಿಂತೇಹೋಯಿತು.

"ಏನ್ ಸಿಸ್ಟರ್," ಸರ್ಜನ್ ಕುರ್ಚಿಗೆ ಒರಗಿದರು, "ನಿಮ್ಮ ಹಡಗು ದಡದಲ್ಲೇ ಮುಳುಗಿಹೋಯ್ತಲ್ಲ?"

ಉಳಿದ ಇಬ್ಬರು ಅಧಿಕಾರಿಗಳು ನಕ್ಕರು. ನಾದಿನಿ ಯಂತ್ರ ನಿಲ್ಲಿಸಿ ಬಂದು ಹಿಡಿಕೆ ಬಿಚ್ಚಿದಳು. ಗ್ರೀಸ್ ಒರೆಸಿ, ಜೇಬಿನಿಂದ ಬೂದು ಬಳೆ ತೆಗೆದು ಕೂರಿಸುತ್ತ ಮೆಲ್ಲಗೆ ಅಂದಳು: "ನೀವು ದಿನಾ ಸವರೋ ಗ್ರೀಸ್ ಕುಡಿದು ಆ ಕಪ್ಪು ರಬ್ಬರು ಊದ್ಕೊಂಡಿದೆ. ಕೊಳವೆ ಹಿಸುಕ್ತಿದೆ. ಇದು ಬೇರೆ ಜಾತಿ ರಬ್ಬರು, ಊದಲ್ಲ. ನಿನ್ನೆ ಬಾಯಿ ಬಿಡೋಕೆ ಬಿಟ್ರಾ ನೀವು?"

ಬೀಗದಮ್ಮನಿಗೆ ತನ್ನ ತಪ್ಪು ಹೊಳೆಯಿತು. ಮರುಗಳಿಗೆಯೇ ಇನ್ನೊಂದು ಯೋಚನೆ ಬಂತು. ಬಳೆ ಇವಳ ಜೇಬಿನಲ್ಲಿ ಸಿದ್ಧವಾಗಿತ್ತು. ನಾನು ಎಲ್ಲರೆದುರು ಸೋಲಲಿ ಎಂದು ಕಾದಿದ್ದಳೇ?

ಮಂಚ ಮತ್ತೆ ವಾಲಿತು. ಹನಿ ಒಂದೇ ಸಮನೆ ಬಿತ್ತು. ಎಷ್ಟು ಕುಲುಕಿದರೂ ಬದಲಾಗಲಿಲ್ಲ.

"ಭೇಷ್," ಅಂದರು ಸರ್ಜನ್. "ಈ ಬೂದು ಬಳೆ ಯಾರ ಯೋಚನೆ?"

ಬೀಗದಮ್ಮ ಹಿಡಿಕೆಯನ್ನೇ ನೋಡಿದಳು. ನನ್ನದು ಅಂದರೆ ಸುಳ್ಳು. ಇವಳದು ಅಂದರೆ ಹೆಸರು ಎರಡು ಪಾಲು. ನಾದಿನಿಯೂ ನೆಲ ನೋಡುತ್ತ ನಿಂತಿದ್ದಳು.

"ಯಾರದ್ದೂ ಅಲ್ವಾ? ಹಾಗಾದ್ರೆ ಮನೆ ಜಗಳ ಯಾಕೆ, ನಮ್ಮ ವಿಭಾಗದ ಹೆಸರಲ್ಲೇ ಕಳಿಸಿಬಿಡೋಣ. ಮುಖ್ಯಸ್ಥ ಅಂತ ನಾನು ಸಹಿ ಹಾಕ್ತೀನಿ." ಸರ್ಜನ್ ಪೆನ್ನಿನ ಮುಚ್ಚಳ ತೆಗೆದರು.

"ತಡೀರಿ ಸರ್." ಬೀಗದಮ್ಮನ ದನಿ ಅವಳಿಗೇ ಒರಟಾಗಿ ಕೇಳಿಸಿತು. "ಹಿಡಿಕೆ ನಂದು. ಅದು ಕೆಲಸ ಮಾಡೋ ಹಾಗೆ ಮಾಡಿದ್ದು ಇವಳು. ಎರಡು ಹೆಸರು ಬರೀರಿ. ನಾವಿಬ್ಬರೂ ಇಲ್ಲೇ ನಿಂತಿರ್ತೀವಿ."

ಸರ್ಜನ್ ಇಬ್ಬರನ್ನೂ ನೋಡಿದರು. ಆಮೇಲೆ ಬರೆದರು.

ಕಾರಿಡಾರಿಗೆ ಬಂದ ಮೇಲೆ ನಾದಿನಿ ತಟ್ಟನೆ ನಿಂತಳು. "ಅತ್ತಿಗೆ, ನಿಜ ಹೇಳಿ. ನನ್ನ ಹೆಸರು ಯಾಕೆ ಹೇಳಿದ್ರಿ?"

"ಯಾಕೆ ಅಂದ್ರೆ?"

"ನೀವು ಸುಮ್ಮಸುಮ್ಮನೆ ಏನೂ ಬಿಟ್ಟುಕೊಡೋರಲ್ಲ. ಒಳಗೆ ಏನಿಟ್ಕೊಂಡಿದ್ದೀರಿ?"

"ನೀನು ಮೊದಲು ಹೇಳು. ಬಳೆ ಜೇಬಲ್ಲಿ ಯಾಕಿತ್ತು?"

ಇನ್ನೊಬ್ಬಳಿಗೆ ಬೆನ್ನು ಕೊಟ್ಟು ಮುಂದೆ ಹೋಗಲು ಇಬ್ಬರಿಗೂ ಧೈರ್ಯವಿರಲಿಲ್ಲ. ಹಾಗಾಗಿ ಮೆಟ್ಟಿಲಿನವರೆಗೂ ಪಕ್ಕಪಕ್ಕದಲ್ಲೇ ನಡೆದರು. ನೋಡಿದವರಿಗೆ ಬಹಳ ಅನ್ಯೋನ್ಯವಾಗಿ ಕಂಡಿರಬೇಕು.