ಲಿವರ್ ಎಳೆಯುವವಳು

ಕೂತಿದ್ದಾಳೆ, ಬಾನೆಟ್ಟಿನ ಆಚೆ ಕೂತಿದ್ದಾಳೆ, ಕಾಣುವುದಿಲ್ಲ ಅಷ್ಟೇ, ಬಾನೆಟ್ಟು ಎತ್ತಿದ ಮೇಲೆ ಹೆಂಡತಿ ಯಾವತ್ತು ತಾನೇ ಕಂಡಿದ್ದಳು, ಇಪ್ಪತ್ತೆರಡು ವರ್ಷ ಹೀಗೇ, ಈಚೆಗೆ ಅವನು, ಆಚೆಗೆ ಅವಳು, ನಡುವೆ ಒಂದು ತಗಡು, ಮಾತು ಮಾತ್ರ — ಎಳಿ, ಎಳ್ದೆ, ಬಿಡು, ಬಿಟ್ಟೆ — ನಾಲ್ಕು ಮಾತಲ್ಲೇ ಸಂಸಾರ ಮಾಡ್ಬಿಟ್ರಲ್ಲಯ್ಯ ಎಂದು ಮೇಷ್ಟ್ರು ನಗುತ್ತಿದ್ದರು, ಈ ನೀಲಿ ಕಾರಿನ ಮೇಷ್ಟ್ರೇ, ಗಾಜಿಗೆ ನೀರು ಚಿಮ್ತಿಲ್ಲ ಕಣಯ್ಯ, ಸ್ಟೀರಿಂಗ್ ಪಕ್ಕದ ಲಿವರ್ ಎಳೆದ್ರೆ ಸದ್ದೂ ಇಲ್ಲ, ಧೂಳಲ್ಲಿ ಕುರುಡನ ಹಾಗೆ ಓಡಿಸ್ಕೊಂಡು ಬಂದೆ ಎಂದು ಬೆಳಿಗ್ಗೆ ಬಿಟ್ಟುಹೋದರು. ಸಣ್ಣ ಕೆಲಸ. ಡಬ್ಬಿಯಲ್ಲಿ ನೀರಿದೆ, ಫ್ಯೂಸ್ ಸುಟ್ಟಿಲ್ಲ, ಇನ್ನು ನೀರು ಚಿಮ್ಮಿಸುವ ಪಂಪಿನಿಂದ ವೈರಿನ ಪ್ಲಗ್ಗು ಕಿತ್ತು ಅದಕ್ಕೆ ಟೆಸ್ಟ್ ಲ್ಯಾಂಪ್ ಹಿಡಿಯಬೇಕು, ಒಳಗೆ ಕೂತವರು ಲಿವರ್ ಎಳೆಯಬೇಕು. ಆ ಬೆರಳುದ್ದದ ದೀಪ ಹತ್ತಿದರೆ ಕರೆಂಟ್ ಬರುತ್ತಿದೆ, ಕೆಟ್ಟಿದ್ದು ಪಂಪು. ಹತ್ತದಿದ್ದರೆ ವೈರೋ ಸ್ವಿಚ್ಚೋ ಕೆಟ್ಟಿದೆ. ಒಬ್ಬರ ಕೈಲಾಗುವ ಕೆಲಸವಲ್ಲ — ಆಗುತ್ತದೆ, ಈಗ ಆಗುತ್ತದೆ, ಅವಳು ಹಾಸಿಗೆ ಹಿಡಿದ ಮೇಲೆ ಲಿವರಿಗೆ ಬಟ್ಟೆಯ ಚೂರು ಬಿಗಿದು ಎಳೆದಿಡುವುದನ್ನು ಕಲಿತಿದ್ದಾನೆ, ಬೆಳಿಗ್ಗೆಯೂ ಹಾಗೇ ನೋಡಿದ್ದಾನೆ, ದೀಪ ಝಗ್ಗೆಂದು ಹತ್ತಿತು, ವೈರು ಸರಿಯಿದೆ, ಸ್ವಿಚ್ಚು ಸರಿಯಿದೆ, ಪಂಪು ಸತ್ತಿದೆ, ಹೊಸದು ಬೆಂಚಿನ ಮೇಲೆ ಬಂದು ಕೂತೂ ಆಗಿದೆ. ಆದರೆ ಅವಳು ಕಿಟಕಿಯಿಂದ ನೋಡಿಬಿಟ್ಟಳಲ್ಲ, ಮೇಷ್ಟ್ರ ಕಾರಲ್ವಾ, ಏನಂತೆ ಅದಕ್ಕೆ, ನೀರು ಚಿಮ್ತಿಲ್ವಾ, ಹಾಗಾದ್ರೆ ನಾನು ಎಳೀತೀನಿ ರೀ, ಒಂದೇ ಒಂದ್ಸಲ. ನೋಡಿ ಆಯ್ತು ಕಣೇ ಎನ್ನಲು ನಾಲಿಗೆ ಏಳಲಿಲ್ಲ. ಎತ್ತಿಕೊಂಡು ಬಂದ, ಬ್ಯಾಟರಿ ಎತ್ತಿದ ಹಾಗೆ ಎತ್ತಬೇಡಿ, ಆಸಿಡ್ ಚೆಲ್ಲತ್ತೆ ಎಂದು ಅವನ ಕುತ್ತಿಗೆಯ ಹತ್ತಿರ ನಕ್ಕಳು, ಇಷ್ಟು ಹಗುರ ಆಗಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಸೀಟಿನಲ್ಲಿ ಕೂರಿಸಿ ಅವಳ ಬಲಗೈಯನ್ನು ಲಿವರಿನ ಮೇಲೆ ಇಡಲು ಹೋದರೆ, ಬೇಡ, ನೀವು ಮುಂದಕ್ಕೆ ಹೋಗಿ, ನಾನೇ ಇಟ್ಕೋತೀನಿ.

ಹೋದ. ಬಗ್ಗಿದ. ಪ್ಲಗ್ಗಿಗೆ ದೀಪ ಸಿಕ್ಕಿಸಿ ಕೈಯಲ್ಲಿ ಹಿಡಿದುಕೊಂಡಿದ್ದಾನೆ, ಹತ್ತದ ದೀಪ, ಅವತ್ತೂ ಹೀಗೇ ಹತ್ತಲಿಲ್ಲ, ಹೋದ ವರ್ಷ, ಬಾಡಿಗೆ ಕಾರು, ಇದೇ ತಕರಾರು, ಎಳಿ ಅಂದ, ಎಳ್ದಿದೀನಿ ಅಂದಳು, ಎಲ್ಲೇ ಎಳ್ದೆ, ಎಳ್ದಿದೀನಿ ರೀ, ನಿಜವಾಗ್ಲೂ — ಜಪ್ಪಯ್ಯ ಅಂದರೂ ದೀಪ ಹತ್ತಲಿಲ್ಲ, ಸ್ವಿಚ್ಚು ಬಿಚ್ಚಿದ, ಹೊಸದು ಹಾಕಿದ, ಆಗಲೂ ಇಲ್ಲ, ವೈರಿನ ಕಟ್ಟನ್ನು ಉದ್ದಕ್ಕೂ ಸೀಳಿ ಒಂದೊಂದೇ ಎಳೆ ತಡಕಿದ, ಅರ್ಧ ದಿನ, ಕೊನೆಗೆ ಕಾರಿನ ಡ್ರೈವರು ಕಾದು ಕಾದು ಬೇಸತ್ತು ಅವಳನ್ನು ಏಳಿಸಿ ಕೂತು ಒಂದು ಬೆರಳಲ್ಲಿ ಎಳೆದ, ದೀಪ ಕಣ್ಣು ಕುಕ್ಕುವ ಹಾಗೆ ಹತ್ತಿತು. ಅಮ್ಮಾವ್ರು ಎಳೀತಿರ್ಲಿಲ್ಲ, ಸವರ್ತಿದ್ರು ಅಂತ ಕಾಣುತ್ತೆ ಅಂದ ಡ್ರೈವರು. ಎಲ್ಲರೂ ನಕ್ಕರು, ಅವನೂ ನಕ್ಕ, ನಿನ್ನ ಮನಸ್ಸೆಲ್ಲಿ ಮೇಯ್ತಿತ್ತೇ ಅಂದ, ಒಳ್ಳೇ ಸ್ವಿಚ್ ಹಾಳು ಮಾಡಿಸಿದೆ ಅಂದ, ಅವಳು ನಗುತ್ತಲೇ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು. ಮುಚ್ಚಿಕೊಂಡಳು, ಅವನು ನೋಡಿದ್ದ, ನೋಡಿಯೂ ಅವಳ ಕೈಯಿಂದ ಲೋಟ ಬಿದ್ದಾಗ ಬೈದ, ಬೀಗದ ಕೈ ತಿರುಗದಿದ್ದಾಗ ಬೀಗಕ್ಕೆ ಎಣ್ಣೆ ಬಿಟ್ಟ, ಬೀಗಕ್ಕೆ! — ಎಂಟು ತಿಂಗಳ ಮೇಲೆ ಡಾಕ್ಟರಮ್ಮ ತೋಳಿಗೆ ಸೂಜಿ ಚುಚ್ಚಿ ವೈರು ಹಚ್ಚಿ ಪರದೆ ನೋಡಿದರು, ತಲೆಯಿಂದ ಅಪ್ಪಣೆ ಹೊರಡುತ್ತೆ, ಕೈಗೆ ಮುಟ್ಟಲ್ಲ, ಅರ್ಥ ಆಯ್ತಾ, ಅವನಿಗೆ ಅರ್ಥವಾಗದೆ ಇನ್ಯಾರಿಗೆ ಆಗಬೇಕು, ಎಲ್ಲಿ ತುಂಡಾಗಿದೆ ಹೇಳಿ ಮೇಡಂ ಎಂದು ಕೇಳಿದ, ಪೆದ್ದನ ಹಾಗೆ, ಅದು ವೈರಲ್ಲಪ್ಪ ಅಂದರು, ಮೊದಲು ಯಾವಾಗ ಗೊತ್ತಾಯ್ತು ಅಂದರು. ಈಚೆಗೆ ಅಂದ. ಅವಳು ಅವನ ಮುಖ ನೋಡಿದಳು. ಬೈದುಬಿಡಬಾರದಿತ್ತೇ ಆವತ್ತು, ಊರವರೆಲ್ಲರ ಕಾರಿನ ತಪ್ಪು ಹುಡುಕೋ ಗಂಡಸು ನೀನು ಎಂದು ಉಗಿದಿದ್ದರೆ ಅವನಿಗೆ ನಿದ್ದೆಯಾದರೂ ಬರುತ್ತಿತ್ತು.

ಎಳಿ, ಅಂದ. ಕೇಳಿಸಿತೋ ಇಲ್ಲವೋ, ಎಳಿ ಕಣೇ. ಸೀಟು ಕಿರ್ರೆಂದಿತು, ಉಸಿರು, ಅವಳ ಉಸಿರು, ಬೆಟ್ಟ ಹತ್ತುವವರ ಉಸಿರು, ದೀಪ ನೋಡುತ್ತಾನೆ, ಹತ್ತಿಲ್ಲ, ಹತ್ತು, ಇದೊಂದು ಸಲ ಹತ್ತು, ಹೊರಗೆ ಯಾರದೋ ಸೈಕಲ್ ಬೆಲ್ಲು, ಹತ್ತಿಲ್ಲ, ಇಪ್ಪತ್ತೆರಡು ವರ್ಷದಲ್ಲಿ ಹತ್ತದ ದೀಪವನ್ನು ಹತ್ತಿತು ಅಂದವನಲ್ಲ, ಗಿರಾಕಿ ಕಾಲು ಹಿಡಿದರೂ ಅಂದವನಲ್ಲ — ಹತ್ತಿತು! ಕೂಗೇಬಿಟ್ಟ, ಹತ್ತಿತು ಕಣೇ, ಏನು ಎಳೆದೆ, ಭೇಷ್, ಪಂಪೇ ಹೋಗಿರೋದು! ಬಾನೆಟ್ಟಿನ ಆಚೆ ಉಸಿರು ನಿಂತಿತು. ನಗುತ್ತಾಳೆ, ಈಗ ನಗುತ್ತಾಳೆ, ನಗಲಿ. ರೀ, ಅಂದಳು, ಮೆಲ್ಲಗೆ, ಮಗುವನ್ನು ಸಮಾಧಾನ ಮಾಡುವವಳ ಹಾಗೆ, ಅಳಬೇಡಿ, ಕೈ ಇನ್ನೂ ಮಡಿಲಲ್ಲೇ ಇದೆ, ನಾನು ಎಳೆದೇ ಇಲ್ಲ. ಅವನು ಬಗ್ಗಿದವನು ಬಗ್ಗಿಯೇ ಇದ್ದಾನೆ, ಕೈಯಲ್ಲಿ ದೀಪ, ಹತ್ತದ ದೀಪ, ಹತ್ತದ —