ಪ್ರಸಾದದ ಕಲ್ಲುಸಕ್ಕರೆ

“ಪ್ರಸಾದ ತಿಂದ್ರೂ ಹಲ್ಲು ಹುಳುಕಾಗುತ್ತಾ?”

ಶಕುಂತಲಮ್ಮ ಯಾರನ್ನೂ ಕೇಳಿದ್ದಲ್ಲ. ಡಾಕ್ಟರ್ ಕಿರಣ್‌ಕುಮಾರ್ ಆಗ ಕೈ ತೊಳೆಯುತ್ತಿದ್ದರು. ಸೋಮವಾರಪೇಟೆಯ ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿ ಶಕುಂತಲಮ್ಮ ಅಂಗಾತ ಒರಗಿದ್ದರು. ಎದೆಯ ಮೇಲೆ ಐದು ವರ್ಷದ ಮೊಮ್ಮಗಳು ಪೂಜಿತಾ. ಅಜ್ಜಿಯ ಮೇಲಾದರೆ ಮಾತ್ರ ಮಲಗುತ್ತೇನೆಂದು ಹಟ ಹಿಡಿದಿದ್ದಳು. ಮಗುವಿನ ಜೊತೆ ಒಳಗೆ ಒಬ್ಬರೇ ಇರಬೇಕೆಂದು ಡಾಕ್ಟರು ಹೇಳಿದ್ದಕ್ಕೆ ಸೊಸೆ ವಿನುತಾ ಹೊರಗೆ ಬೆಂಚಿನಲ್ಲಿ ಕೂತಿದ್ದಳು.

ಹಾಲುಹಲ್ಲು ತಾನೇ, ಕಿತ್ತುಬಿಡಿ ಎಂದು ಶಕುಂತಲಮ್ಮ ಮೊದಲೇ ಹೇಳಿ ನೋಡಿದ್ದರು. ಡಾಕ್ಟರು ಒಪ್ಪಲಿಲ್ಲ. ಈ ದವಡೆ ಹಲ್ಲು ಹತ್ತು ಹನ್ನೊಂದು ವರ್ಷದವರೆಗೂ ನಿಲ್ಲಬೇಕು, ಈಗಲೇ ಹೋದರೆ ಮುಂದೆ ಬರುವ ಹಲ್ಲಿಗೆ ಜಾಗವಿರುವುದಿಲ್ಲ. ಹುಳುಕು ಒಳಗಿನ ನರವನ್ನು ಮುಟ್ಟಿದೆ, ಮೇಲಿನ ಕೆಟ್ಟ ಭಾಗವನ್ನಷ್ಟೇ ತೆಗೆದು, ಬೇರಿನೊಳಗಿನ ನರವನ್ನು ಉಳಿಸಿ, ಔಷಧಿ ಇಟ್ಟು ಮೇಲೊಂದು ಸ್ಟೀಲ್ ಟೋಪಿ ಕೂರಿಸುತ್ತೇನೆ ಎಂದಿದ್ದರು.

ಆರು ತಿಂಗಳ ಹಿಂದೆ ಮೊದಲ ಸಲ ಹಲ್ಲು ನೋವೆಂದಾಗಲೇ ವಿನುತಾ ಮನೆಯಲ್ಲಿ ಸಿಹಿ ನಿಲ್ಲಿಸಿದ್ದಳು. ಯಾರಾದರೂ ಕದ್ದು ಕೊಟ್ಟದ್ದು ಗೊತ್ತಾದರೆ ಮಗುವನ್ನು ಅಜ್ಜಿಯ ಹಾಸಿಗೆಯಿಂದ ಎಬ್ಬಿಸಿ ತನ್ನ ಪಕ್ಕ ಮಲಗಿಸಿಕೊಳ್ಳುವುದಾಗಿ ಖಡಾಖಂಡಿತವಾಗಿ ಹೇಳಿದ್ದಳು. ಶಕುಂತಲಮ್ಮ ಸಿಹಿಯನ್ನು ಕೊಡಲೇ ಇಲ್ಲ, ಅವರ ಲೆಕ್ಕದಲ್ಲಿ. ಸಂಜೆ ಲಿಂಗಪೂಜೆಗೆ ಇಟ್ಟ ಕಲ್ಲುಸಕ್ಕರೆಯಲ್ಲಿ ಒಂದು ಚೂರನ್ನು ಮಲಗುವಾಗ ಮಗುವಿನ ಕೆನ್ನೆಯೊಳಗೆ ಇಡುತ್ತಿದ್ದರು. ಅದು ಕರಗುವಷ್ಟರಲ್ಲಿ ಎರಡು ವಚನ ಹೇಳಿ ಮುಗಿಯುತ್ತಿತ್ತು. ಪ್ರಸಾದ ತಿಂದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದು ಹೇಗೆ? ಮಗು ಹಾಗೇ ನಿದ್ದೆ ಹೋಗುತ್ತಿತ್ತು.

ಇಂಜೆಕ್ಷನ್ ಆಯಿತು. ಕೆಟ್ಟ ಹಲ್ಲೊಂದನ್ನೇ ಹೊರಗೆ ಬಿಟ್ಟು ಪೂಜಿತಾಳ ಬಾಯಿಗೆ ನೀಲಿ ರಬ್ಬರ್ ಹಾಳೆ ಬಿಗಿದರು. ಮೆಷಿನ್ನು ಕೊರೆಯತೊಡಗಿದಾಗ ಮಗುವಿನ ಹಿಮ್ಮಡಿ ಅಜ್ಜಿಯ ಮೊಣಕಾಲಿಗೆ ಒತ್ತಿತು. ಮೇಲೆ ಕಣ್ಣು ಕುಕ್ಕುವ ದೀಪ, ಪಕ್ಕದಲ್ಲಿ ಡಾಕ್ಟರ ಮೊಣಕೈ. ಶಕುಂತಲಮ್ಮನಿಗೆ ತಲೆ ಹೊರಳಿಸಲೂ ಜಾಗವಿರಲಿಲ್ಲ. ಮನಸ್ಸಿನಲ್ಲೇ ವಚನ ಹೇಳಿಕೊಳ್ಳಲು ನೋಡಿದರು. ಹುಟ್ಟಿದಾಗಿನಿಂದ ಕೇಳಿದ್ದು, ಎರಡನೇ ಸಾಲಿಗೇ ನಿಂತುಹೋಯಿತು.

“ರಾತ್ರಿಯೆಲ್ಲ ಸಕ್ಕರೆ ತಾಗಿದ ಹಾಗಿದೆ ಈ ಹಲ್ಲಿಗೆ,” ಎಂದರು ಡಾಕ್ಟರು. “ಮಲಗುವಾಗ ಏನ್ ಕೊಡ್ತೀರಾ ಅಜ್ಜಿ?”

“ಏನೂ ಇಲ್ಲ.”

ಎದೆಯ ಮೇಲಿನ ಪುಟ್ಟ ಬೆನ್ನು ಸೆಟೆದುಕೊಂಡಿತು. ಬಾಯಿಗೆ ರಬ್ಬರ್ ಬಿಗಿದಿದ್ದ ಮಗು ಏನೂ ಹೇಳುವಂತಿರಲಿಲ್ಲ.

ಟೋಪಿ ಕೂರಿಸಿ, ಹಾಳೆ ಬಿಚ್ಚಿ, ಅಂಟು ಗಟ್ಟಿಯಾಗುವ ತನಕ ಡಾಕ್ಟರು ಕಾದರು. ಆಚೆ ಬದಿಯ ಹಲ್ಲಿಗೂ ಹುಳುಕು ಹತ್ತಿದೆ, ಕಾರಣ ತಿಳಿಯದೆ ಬಿಡುವ ಹಾಗಿಲ್ಲ, ತಾಯಿಯನ್ನೂ ಮಗುವನ್ನೂ ಎದುರಿಗೇ ಕೂರಿಸಿ ಕೇಳುತ್ತೇನೆ ಎಂದರು. ಅಲ್ಲಾಡದೆ ಹಾಗೇ ಮಲಗಿರಿ ಎಂದು ಹೇಳಿ ವಿನುತಾಳನ್ನು ಕರೆಯಲು ಹೋದರು.

ಬಾಗಿಲಾಚೆ ಸೊಸೆ ಎದ್ದ ಸದ್ದು ಕೇಳಿಸಿತು. ಶಕುಂತಲಮ್ಮ ಮಗುವಿನ ಕಿವಿಗೆ ಬಾಯಿಟ್ಟರು.

“ಪುಟ್ಟಿ, ಅಮ್ಮ ಕೇಳಿದ್ರೆ ಸ್ಕೂಲಲ್ಲಿ ಚಾಕ್ಲೇಟ್ ತಿಂದೆ ಅಂತ ಹೇಳಮ್ಮ. ಇಲ್ಲಾಂದ್ರೆ ನನ್ ಜೊತೆ ಮಲಗೋಕೆ ಬಿಡಲ್ಲ ಕಣೇ.”

ಪೂಜಿತಾ ಮರಗಟ್ಟಿದ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು.

“ಊಹೂಂ,” ಎಂದಳು ತೊದಲುತ್ತಾ. “ಹಾಗೆ ಹೇಳಲ್ಲ ಅಜ್ಜಿ. ನಾನು ಚಾಕ್ಲೇಟ್ ತಿಂದಿಲ್ಲ.”