ಖಾಲಿ ಬಂದ ಪಾತ್ರೆ

ನನ್ನ ಮೊಮ್ಮಗಳು ಸೊಲ್ವೆಗ್ ಒಂದು ಕಾಲೇಜಿಗೆ ಅರ್ಜಿ ಹಾಕಿದಳು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾರ್ಚ್‌ವರೆಗೆ ಕಾಯಿ ಅಂದರು. ನೂರು ಜನ ಕೇಳಿದರೆ ಏಳೆಂಟು ಜನಕ್ಕೆ ಸೀಟು ಕೊಡುವ ಜಂಬದ ಕಾಲೇಜು ಅದು. ನಮ್ಮ ಹುಡುಗಿಗೋ ಕೆರೆ ಹೆಪ್ಪುಗಟ್ಟುವುದನ್ನು ಓದುವ ಹುಚ್ಚು. ಅದನ್ನು ಕಲಿಸುವ ಮೇಷ್ಟ್ರು ಅಲ್ಲಿ ಮಾತ್ರ ಇದ್ದಾರಂತೆ.

ಶಾಲೆಯ ಸಲಹೆಗಾರ್ತಿ ಹೇಳಿದ್ದಿಷ್ಟೆ: "ನನಗೆ ಇನ್ನೂ ನಿಮ್ಮ ಕಾಲೇಜೇ ಬೇಕು ಅಂತ ಒಂದು ಕಾಗದ ಬರಿ. ಒಂದೇ. ಜಾಸ್ತಿ ಪೀಡಿಸಬೇಡ."

ಸೊಲ್ವೆಗ್ ಬರೆದಳು. ನನ್ನ ಹೆಂಡತಿ ಮರ್ಟಲ್‌ಗೆ ಅದು ಸಾಲದಾಯಿತು.

"ಕಾಗದ ತಿಂದ್ರೆ ಯಾರ ಹೊಟ್ಟೆ ತುಂಬುತ್ತೆ ರೀ?" ಎಂದು ಹಾಟ್‌ಡಿಶ್ ಮಾಡಿದಳು. ಕೆಳಗೆ ಕೊಚ್ಚಿದ ಮಾಂಸ, ಮೇಲೆ ಆಲೂಗಡ್ಡೆ. ಅಮೆರಿಕದ ಉತ್ತರ ತುದಿಯ ಮಿನ್ನೆಸೋಟದ ನಮ್ಮೂರಲ್ಲಿ ಸಾವಿಗೂ ಅದೇ, ಬಾಣಂತನಕ್ಕೂ ಅದೇ. ಪಾತ್ರೆಯ ತಳಕ್ಕೆ ಹೆಸರು, ವಿಳಾಸ ಅಂಟಿಸಿದಳು. ಹಿಮದಲ್ಲಿ ಕಾರು ಓಡಿಸುವ ಕರ್ಮ ನನ್ನದು.

ಕಾಲೇಜಿನ ಪ್ರವೇಶ ಕಚೇರಿಯಲ್ಲಿ ಕ್ವೆಂಟಿನ್ ಎಂಬ ಹುಡುಗ ಕೂತಿದ್ದ. ಆ ಚಳಿಯಲ್ಲೂ ಬಟ್ಟೆಯ ಶೂ ಹಾಕಿದ್ದ.

"ಅಮ್ಮಾ, ನಾವು ಉಡುಗೊರೆ ತಗೊಳ್ಳೋ ಹಾಗಿಲ್ಲ."

"ಉಡುಗೊರೆ ಯಾರು ತಂದ್ರಪ್ಪ? ಇದು ಊಟ," ಎಂದು ಮೇಜಿನ ಮೇಲಿಟ್ಟು ಬಂದೇಬಿಟ್ಟಳು.

ಮುಂದಿನ ವಾರ ಪಾರ್ಸಲ್ ಬಂತು. ಒಳಗೆ ನಮ್ಮ ಪಾತ್ರೆ, ಫಳಫಳ ತೊಳೆದದ್ದು, ಖಾಲಿ.

ನಮ್ಮಲ್ಲಿ ಪಾತ್ರೆ ಖಾಲಿ ವಾಪಸ್ಸು ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಎರಡು ಸೇಬಾದರೂ ಇಡಬೇಕು. ಪಕ್ಕದ ಮನೆಯ ಎಬ್ಬಾ ಎಂಬಾಕೆ ಒಮ್ಮೆ ಖಾಲಿ ಕಳಿಸಿದ್ದಕ್ಕೆ ಇಂದಿಗೂ ಚರ್ಚಿನಲ್ಲಿ ಅವರದೊಂದು ಮೂಲೆ, ನಮ್ಮದೊಂದು ಮೂಲೆ.

ಸೊಲ್ವೆಗ್‌ಳ ಮುಖ ಬಿಳಿಚಿಕೊಂಡಿತು. "ಮುಗೀತಲ್ಲ ಅಜ್ಜ. ಬೇಡ ಅಂದ್ಬಿಟ್ರು." ಗೋಡೆಗೆ ಅಂಟಿಸಿದ್ದ ಕೆರೆಯ ಚಿತ್ರಗಳನ್ನು ಒಂದೊಂದಾಗಿ ಕಿತ್ತಳು.

"ರೀ, ಕಾರು ತೆಗೀರಿ," ಎಂದಳು ಮರ್ಟಲ್.

"ಅಜ್ಜೀ, ಬೇಡ! ಮಾನ ಹೋಗುತ್ತೆ!" ಎಂದು ಸೊಲ್ವೆಗ್ ತಡೆಯಲು ಬಂದು ಕಾರಿನಲ್ಲೇ ಕೂತುಬಿಟ್ಟಳು. ಅವಳನ್ನೂ ಹೊತ್ತುಕೊಂಡೇ ಹೊರಟೆವು.

ಮರ್ಟಲ್ ಪಾತ್ರೆಯನ್ನು ಕ್ವೆಂಟಿನ್‌ನ ಮುಂದೆ ಕುಕ್ಕಿದಳು. "ಬೇಡದಿದ್ರೆ ಬಾಯಿಬಿಟ್ಟು ಹೇಳು. ಖಾಲಿ ಪಾತ್ರೆ ಯಾಕೆ ಕಳಿಸ್ತೀಯ?"

"ತೊಳೆದೇ ಕಳಿಸಿದ್ನಲ್ಲಮ್ಮಾ!"

"ತೊಳೆಯೋಕೆ ನಮ್ಮನೇಲಿ ನೀರಿಲ್ವಾ?"

"ನಾನು ಕ್ಯಾಲಿಫೋರ್ನಿಯಾದವನು. ನನಗೆ ಈ ಕಡೆಯ ಪದ್ಧತಿಯೆಲ್ಲ ಗೊತ್ತಿಲ್ಲ. ಸೀಟಿನ ಸಮಿತಿ ಇನ್ನೂ ಕೂತೇ ಇಲ್ಲ. ಆ ಊಟಾನ ನಿಯಮದ ಪ್ರಕಾರ ನಾವು ಮುಟ್ಟೋ ಹಾಗೂ ಇಲ್ಲ."

"ಮತ್ತೆ ಪಾತ್ರೆ ಹೇಗೆ ಖಾಲಿಯಾಯ್ತು?"

ಕ್ವೆಂಟಿನ್ ತನ್ನ ಶೂ ನೋಡಿಕೊಂಡ.

ಸೊಲ್ವೆಗ್ ನಾಚಿಕೆಯಿಂದ ಮುಖ ಕೆಂಪಗೆ ಮಾಡಿಕೊಂಡು ಮುಂದೆ ಬಂದಳು. "ಸರ್, ಕ್ಷಮಿಸಿ. ಇದನ್ನೆಲ್ಲ ಲೆಕ್ಕಕ್ಕೆ ಇಟ್ಕೋಬೇಡಿ. ಆದ್ರೆ ನನಗೆ ಇನ್ನೂ ಇಲ್ಲೇ ಓದ್ಬೇಕು." ಅಷ್ಟು ಹೇಳಿ ಅಜ್ಜಿಯ ತೋಳು ಹಿಡಿದು ಹೊರಗೆಳೆದಳು. ಪಾತ್ರೆ ಅಲ್ಲೇ ಉಳಿಯಿತು.

ಮಾರ್ಚ್‌ನಲ್ಲಿ ಕಂಪ್ಯೂಟರಿನಲ್ಲಿ ಉತ್ತರ ಬಂತು: ಸೀಟು ಸಿಕ್ಕಿದೆ. ಸೊಲ್ವೆಗ್ ಕಿರುಚಿದಳು, ನಾನು ನಾಚಿಕೆ ಬಿಟ್ಟು ಅತ್ತೆ.

ಮರ್ಟಲ್ ಮಾತ್ರ ಅಲ್ಲಾಡಲಿಲ್ಲ. "ಪಾತ್ರೆ ಬಂತಾ?"

"ಸೀಟು ಬಂತಲ್ಲೇ ಮಾರಾಯ್ತಿ!"

"ಪಾತ್ರೆ ಬರ್ಲಿ, ಆಮೇಲೆ ನಂಬ್ತೀನಿ."

ಕೊನೆಗೆ ಅದೂ ಬಂತು. ಸೀಟಿನ ತೀರ್ಮಾನ ಮುಗಿದ ಮೇಲೆ ನಿಯಮ ಅಡ್ಡ ಬರಲಿಲ್ಲವೇನೋ, ಪಾತ್ರೆಯ ತುಂಬ ನಿಂಬೆರಸ ಹಾಕಿ ಬೇಯಿಸಿದ ಕೇಕಿನಂಥ ಸಿಹಿ ತುಂಡುಗಳು. ಅಂಚುಗಳೆಲ್ಲ ಸೀದು ಕರಿಕಲಾಗಿದ್ದವು. ಕ್ವೆಂಟಿನ್ ಕೈಯಾರೆ ಮಾಡಿದ್ದೆಂದು ನೋಡಿದ ತಕ್ಷಣ ಗೊತ್ತಾಗುತ್ತಿತ್ತು.

ಮರ್ಟಲ್ ಒಂದನ್ನು ಕಚ್ಚಿದಳು. ಮುಖ ಕಿವುಚಿಕೊಂಡಳು. ಸಕ್ಕರೆಯ ಬದಲು ಉಪ್ಪು! ಆದರೂ ಉಗುಳಲಿಲ್ಲ, ಪೂರ್ತಿ ನುಂಗಿದಳು, ಕಣ್ಣೊರೆಸಿಕೊಂಡಳು.

"ಈಗ ಸೀಟು ಸಿಕ್ತು ನೋಡು ಪುಟ್ಟಿ. ಚೆನ್ನಾಗಿ ಓದು," ಎಂದು ಸೊಲ್ವೆಗ್‌ಳನ್ನು ತಬ್ಬಿಕೊಂಡಳು. ಆಮೇಲೆ ಅವಳ ತಲೆಯ ಮೇಲಿಂದ ನನ್ನ ಕಡೆ ನೋಡಿದಳು.

"ಪಾಪ ರೀ ಆ ಹುಡುಗ. ಅವನಿಗೆ ಊಟಕ್ಕೇನು ಗತಿ?"

ನಾನು ಕಾರಿನ ಕೀಲಿ ಹುಡುಕತೊಡಗಿದೆ.